ಓಡಿದ್ದೆಷ್ಟು? ಮೀಟರ್ ಒಂದನ್ನೇ ಕೇಳಬೇಡಿ!

1986ರಲ್ಲಿ ತೆರೆಕಂಡ ‘ಫೆರಿಸ್ ಬ್ಯೂಲರ್ಸ್ ಡೇ ಆಫ್’ ಎಂಬ ಅಮೆರಿಕನ್ ಚಿತ್ರದಲ್ಲೊಂದು ಸ್ವಾರಸ್ಯಕರ ಪ್ರಸಂಗವಿದೆ. ಶಾಲೆಗೆ ಚಕ್ಕರ್ ಹೊಡೆದ ಹುಡುಗರು ಗೆಳೆಯನ ಅಪ್ಪ ಜೀವದಂತೆ ಕಾಪಾಡಿಕೊಂಡ ಫೆರಾರಿ ಕಾರಿನಲ್ಲಿ ಊರು ಸುತ್ತುತ್ತಾರೆ. ಮನೆಗೆ ಬಂದ ಮೇಲೆ ಭಯ ಶುರುವಾಗುತ್ತದೆ. ಕಾರು ಎಷ್ಟು ಮೈಲಿ ಓಡಿದೆ ಎಂಬ ಲೆಕ್ಕ ಅಪ್ಪನ ಬಳಿ ಇದೆ. ಹುಡುಗರು ಕಾರನ್ನು ಜಾಕ್ ಮೇಲೆ ಎತ್ತಿ, ರಿವರ್ಸ್ ಗೇರಿನಲ್ಲಿ ಚಕ್ರ ತಿರುಗಲು ಬಿಡುತ್ತಾರೆ. ಚಕ್ರ ತಿರುಗಿದ್ದೇ ಬಂತು, ಮೀಟರಿನ ಅಂಕಿ ಮಾತ್ರ ಹಿಂದಕ್ಕೆ ಸರಿಯುವುದಿಲ್ಲ.

ಹುಡುಗರಿಗೆ ಸಾಧ್ಯವಾಗದ್ದು ವಂಚಕರಿಗೆ ಬಹಳ ಕಾಲದಿಂದ ಸಾಧ್ಯವಾಗಿದೆ. ಕಾಕತಾಳೀಯವೆಂಬಂತೆ ಅದೇ 1986ರಲ್ಲಿ ಅಮೆರಿಕ ಈ ಮೋಸದ ವಿರುದ್ಧ ‘ಟ್ರೂಥ್ ಇನ್ ಮೈಲೇಜ್’ ಕಾಯ್ದೆಯನ್ನು ಜಾರಿಗೆ ತಂದಿತು. ಮೀಟರ್ ತಿರುಗಿಸುವುದನ್ನು ಅಲ್ಲಿನ 1972ರ ಕಾನೂನೇ ನಿಷೇಧಿಸಿತ್ತು. ಆದರೂ ವರ್ಷಕ್ಕೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ವಾಹನಗಳು ಸುಳ್ಳು ಅಂಕಿಯೊಂದಿಗೆ ಮಾರಾಟವಾಗುತ್ತಿವೆ ಎಂಬುದು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ ಅಂದಾಜು.

ಮೋಸ ಹೋದವರಿಗೆ ನಷ್ಟ ಎರಡು ಬಗೆಯದು. ಒಂದು, ಹಳೆಯ ಕಾರಿಗೆ ಹೊಸದರ ಬೆಲೆ ತೆತ್ತದ್ದು. ಇನ್ನೊಂದು ಅದಕ್ಕಿಂತ ಅಪಾಯಕಾರಿ. ಹಲವು ಜಪಾನೀ ಕಾರುಗಳಲ್ಲಿ ಎಂಜಿನ್ನಿನ ಟೈಮಿಂಗ್ ಬೆಲ್ಟನ್ನು ಒಂದು ಲಕ್ಷ ಕಿಲೋಮೀಟರಿಗೆ ಬದಲಿಸಬೇಕು. ಮೀಟರ್ 60 ಸಾವಿರ ತೋರಿಸುತ್ತಿದ್ದರೆ ಮಾಲೀಕ ನಿಶ್ಚಿಂತೆಯಿಂದ ಇರುತ್ತಾನೆ. ನಿಜವಾಗಿ ಅದು ಒಂದು ಲಕ್ಷ ದಾಟಿದ್ದರೆ ಬೆಲ್ಟ್ ನಡುದಾರಿಯಲ್ಲಿ ತುಂಡಾಗಬಹುದು. ಕೆಲವು ಎಂಜಿನ್‌ಗಳಲ್ಲಿ ಆಗ ವಾಲ್ವ್‌ಗೆ ಪಿಸ್ಟನ್ ಬಡಿದು ಇಡೀ ಎಂಜಿನ್ನೇ ಹಾಳಾಗುತ್ತದೆ.

ಕಡಲು ದಾಟಿದರೆ ಚರಿತ್ರೆಯೂ ಮಾಯ

ಈ ಮೋಸಕ್ಕೆ ಹೆಚ್ಚು ಅವಕಾಶವಿರುವುದು ಆಮದಾದ ಹಳೆಯ ಕಾರುಗಳಲ್ಲಿ. ಅದಕ್ಕೆ ಒಳ್ಳೆಯ ಉದಾಹರಣೆ, ಜಪಾನಿನಿಂದ ಬ್ರಿಟನ್‌ಗೆ ಹೋದ ಸ್ಪೋರ್ಟ್ಸ್ ಕಾರುಗಳು. ಎರಡೂ ದೇಶಗಳಲ್ಲಿ ನಮ್ಮಲ್ಲಿರುವಂತೆಯೇ ಬಲಬದಿಯ ಸ್ಟಿಯರಿಂಗ್. ಹೀಗಾಗಿ ನಿಸಾನ್ ಸ್ಕೈಲೈನ್, ಟೊಯೋಟಾ ಸುಪ್ರಾ ಮುಂತಾದ ಕಾರುಗಳು ಜಪಾನಿನಲ್ಲಿ ಕೆಲವು ವರ್ಷ ಓಡಿ, ಹಡಗೇರಿ ಬ್ರಿಟನ್ ಸೇರಿದವು. ಮಜ್ದಾ ಎಂಎಕ್ಸ್-5 ಕಾರು 1989ರಿಂದ ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಅದೂ ಹೀಗೆಯೇ ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋಯಿತು.

ಬ್ರಿಟನ್‌ನಲ್ಲಿ ಮೂರು ವರ್ಷ ದಾಟಿದ ಕಾರುಗಳಿಗೆ ಪ್ರತಿವರ್ಷ ‘ಎಂಒಟಿ’ ಎಂಬ ತಪಾಸಣೆ ಕಡ್ಡಾಯ. ಆಗ ಮೀಟರಿನ ಅಂಕಿಯನ್ನೂ ಬರೆದುಕೊಳ್ಳುತ್ತಾರೆ. ನೋಂದಣಿ ಸಂಖ್ಯೆ ಗೊತ್ತಿದ್ದರೆ ಈ ದಾಖಲೆಯನ್ನು ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಆದರೆ ಆಮದಾದ ಕಾರಿನ ಎಂಒಟಿ ಚರಿತ್ರೆ ಶುರುವಾಗುವುದು ಅದು ಬ್ರಿಟನ್ ತಲುಪಿದ ಮೇಲೆಯೇ. ಅದಕ್ಕಿಂತ ಹಿಂದಿನ ಲೆಕ್ಕವೆಲ್ಲ ಜಪಾನೀ ಲಿಪಿಯ ಕಾಗದಗಳಲ್ಲಿ ಉಳಿದಿರುತ್ತದೆ. ಮೀಟರ್ ತಿರುಗಿಸುವವರು ಕಾಯುವುದು ಇದೇ ಸಂದಿಗಾಗಿ.

ಇಲ್ಲಿ ಮತ್ತೊಂದು ಗೊಂದಲವೂ ಇದೆ. ಜಪಾನಿನ ಮೀಟರ್ ಕಿಲೋಮೀಟರ್ ಎಣಿಸುತ್ತದೆ. ಬ್ರಿಟನ್‌ನಲ್ಲಿ ಲೆಕ್ಕವೆಲ್ಲ ಮೈಲಿಯಲ್ಲಿ. ಆದ್ದರಿಂದ ಅಲ್ಲಿಗೆ ಬಂದ ಕಾರಿನ ಸ್ಪೀಡೋಮೀಟರ್ ಮೈಲಿ ತೋರಿಸುವಂತೆ ಬದಲಾಗಬೇಕು. ಕೆಲವರು ಮುಖಫಲಕವನ್ನಷ್ಟೇ ಬದಲಿಸುತ್ತಾರೆ, ಓಡೋಮೀಟರ್ ಕಿಲೋಮೀಟರಿನಲ್ಲೇ ಎಣಿಸುತ್ತಿರುತ್ತದೆ. ಕೆಲವರು ಇಡೀ ಮೀಟರನ್ನೇ ತೆಗೆದು ಬೇರೆ ಕೂರಿಸುತ್ತಾರೆ. ಅಂದರೆ ಮೀಟರಿನ ಸ್ಕ್ರೂಗಳ ಮೇಲೆ ಗೀರು ಕಂಡೊಡನೆ ಮೋಸವೆಂದು ತೀರ್ಮಾನಿಸುವಂತಿಲ್ಲ. ಪ್ರಾಮಾಣಿಕ ಮಾಲೀಕನೂ ಅದನ್ನು ಬಿಚ್ಚಿಸಿರಬಹುದು.

ಮೀಟರಿನ ಒಳಗೇನಿದೆ?

ಹಳೆಯ ಓಡೋಮೀಟರ್ ಹಲ್ಲುಚಕ್ರಗಳ ಒಂದು ಸರಳ ಯಂತ್ರ. ಗೇರ್‌ಬಾಕ್ಸಿನಿಂದ ಬರುವ ಕೇಬಲ್ ತಿರುಗಿದಂತೆ ಅಂಕಿ ಬರೆದ ಉರುಳೆಗಳು ನಿಧಾನವಾಗಿ ಚಲಿಸುತ್ತವೆ. ಒಂದು ಉರುಳೆ ಪೂರ್ತಿ ಒಂದು ಸುತ್ತು ಬಂದಾಗ ಪಕ್ಕದ ಉರುಳೆಯನ್ನು ಒಂದು ಅಂಕಿಯಷ್ಟು ಮುಂದಕ್ಕೆ ತಳ್ಳುತ್ತದೆ. ಕಡ್ಡಿ ಹಾಕಿ ಉರುಳೆಗಳನ್ನು ಬಲವಂತವಾಗಿ ತಿರುಗಿಸಿದರೆ ಅಂಕಿಗಳ ಸಾಲು ಸೊಟ್ಟಗಾಗುವುದುಂಟು. ಹಿಂದಿನ ಮೆಕ್ಯಾನಿಕ್‌ಗಳು ಮೊದಲು ನೋಡುತ್ತಿದ್ದುದು ಇದನ್ನೇ.

ಅಂಕಿ ವಿದ್ಯುನ್ಮಾನ ಪರದೆಗೆ ಬಂದ ಮೇಲೆ ಮೋಸ ಕಡಿಮೆಯಾಗುತ್ತದೆ ಎಂದು ಹಲವರು ನಂಬಿದ್ದರು. ಆದದ್ದು ಬೇರೆ. ಈಗ ಅಂಕಿ ಇರುವುದು ಪುಟ್ಟ ಮೆಮೊರಿ ಚಿಪ್ಪಿನಲ್ಲಿ. ಉಪಕರಣವೊಂದನ್ನು ಜೋಡಿಸಿ ಕೆಲವೇ ನಿಮಿಷಗಳಲ್ಲಿ ಅದನ್ನು ತಿದ್ದಬಹುದು. ಅಂಕಿ ಸೊಟ್ಟಗಾಗುವುದಿಲ್ಲ, ಗೀರೂ ಬೀಳುವುದಿಲ್ಲ. ಸಮಾಧಾನದ ಸಂಗತಿಯೆಂದರೆ, ಹಲವು ಹೊಸ ಕಾರುಗಳಲ್ಲಿ ಓಟದ ಲೆಕ್ಕ ಬೇರೆ ನಿಯಂತ್ರಣ ಘಟಕಗಳಲ್ಲೂ ದಾಖಲಾಗಿರುತ್ತದೆ. ಸ್ಕ್ಯಾನರ್ ಇರುವ ವರ್ಕ್‌ಶಾಪಿನಲ್ಲಿ ಅವನ್ನು ಓದಿ ತಾಳೆ ನೋಡಬಹುದು.

ಲೆಕ್ಕದ ಪುಸ್ತಕವೇ ಸಾಕು

ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಸರ್ಕಾರಿ ತಪಾಸಣೆ. ನಂತರ ಎರಡೆರಡು ವರ್ಷಕ್ಕೊಮ್ಮೆ. ಇದಕ್ಕೆ ‘ಶಾಕೆನ್’ ಎಂದು ಹೆಸರು. ಹಳೆಯ ಕಾರುಗಳ ಹರಾಜು ಕಟ್ಟೆಗಳಲ್ಲೂ ಪರೀಕ್ಷಕರು ಕಾರನ್ನು ನೋಡಿ, ಅದರ ಸ್ಥಿತಿಗತಿಯ ಜೊತೆಗೆ ಓಟದ ಅಂಕಿಯನ್ನೂ ಒಂದು ಹಾಳೆಯಲ್ಲಿ ನಮೂದಿಸುತ್ತಾರೆ. ಅಂಕಿಯ ಮೇಲೆ ಅನುಮಾನ ಬಂದರೆ ಅದನ್ನೂ ಗುರುತು ಮಾಡುತ್ತಾರೆ. ಈ ಕಾಗದಗಳು ಸಿಕ್ಕಿದರೆ ಹೈಸ್ಕೂಲಿನ ಗಣಿತವೇ ಪತ್ತೇದಾರಿ ಕೆಲಸ ಮಾಡುತ್ತದೆ.

ಊಹೆಯ ಒಂದು ಉದಾಹರಣೆ ನೋಡೋಣ. 1996ರ ಕಾರೊಂದು 1999ರಲ್ಲಿ 34,000 ಕಿ.ಮೀ., 2001ರಲ್ಲಿ 57,000, 2003ರಲ್ಲಿ 80,000 ಕಿ.ಮೀ. ತೋರಿಸಿದೆ. 2004ರಲ್ಲಿ ಬ್ರಿಟನ್‌ಗೆ ಬಂದಿದೆ. 2005ರ ಎಂಒಟಿಯಲ್ಲಿ 31,000 ಮೈಲಿ ಎಂದಿದೆ. ಒಂದು ಮೈಲಿಗೆ ಸುಮಾರು 1.609 ಕಿ.ಮೀ. 31,000 ಮೈಲಿ ಎಂದರೆ ಸುಮಾರು 49,900 ಕಿ.ಮೀ. ಎರಡು ವರ್ಷ ಹಿಂದೆಯೇ 80,000 ಓಡಿದ್ದ ಕಾರು ಈಗ 50 ಸಾವಿರಕ್ಕೆ ಇಳಿದದ್ದು ಹೇಗೆ? ಕನಿಷ್ಠ 30 ಸಾವಿರ ಕಿಲೋಮೀಟರ್ ಕಾಣೆಯಾಗಿದೆ!

ವರ್ಷವನ್ನು ಅಡ್ಡ ಗೆರೆಯಲ್ಲೂ ಓಟವನ್ನು ಲಂಬ ಗೆರೆಯಲ್ಲೂ ಗುರುತಿಸಿ ಗ್ರಾಫ್ ಬರೆದರೆ ವಿಷಯ ಇನ್ನೂ ಸ್ಪಷ್ಟ. ಆ ಗೆರೆ ಏರಬಹುದು, ಕಾರು ನಿಂತೇ ಇದ್ದರೆ ಮಟ್ಟಸವಾಗಬಹುದು, ಇಳಿಯುವಂತಿಲ್ಲ. ಆದರೆ ಇಲ್ಲೂ ಆತುರ ಸಲ್ಲದು. 65,000 ಎಂದು ಬರೆಯುವಾಗ ಗುಮಾಸ್ತರು ಕೈತಪ್ಪಿ 56,000 ಎಂದು ಬರೆದಿರಬಹುದು. ಒಂದು ವರ್ಷ ಮಾತ್ರ ತಗ್ಗಿದ ಗೆರೆ ಮರುವರ್ಷ ಹಳೆಯ ದಾರಿಗೆ ಮರಳಿದರೆ ಅದು ಬರಹದ ತಪ್ಪು. ತಗ್ಗಿದ್ದು ತಗ್ಗಿಯೇ ಉಳಿದರೆ ಮೀಟರ್ ಬದಲಾಗಿದೆ ಅಥವಾ ಅಂಕಿ ತಿದ್ದಲಾಗಿದೆ ಎಂದು ಅರ್ಥ. ಬದಲಾಗಿದ್ದರೆ ಅದರ ರಸೀದಿಯನ್ನು ಮಾರುವವನೇ ತೋರಿಸಬೇಕು.

ಕಾರೇ ಹೇಳುವ ಸಾಕ್ಷಿ

ಕಾಗದ ಸಿಗದಿದ್ದರೆ ಕಾರನ್ನೇ ಪ್ರಶ್ನಿಸಬೇಕು. ಕ್ಲಚ್ ಮತ್ತು ಬ್ರೇಕ್ ಪೆಡಲಿನ ರಬ್ಬರ್ ಸವೆದಿದೆಯೇ? ಸ್ಟಿಯರಿಂಗಿನ ಚರ್ಮ, ಗೇರ್ ಹಿಡಿ ನುಣುಪಾಗಿ ಹೊಳೆಯುತ್ತಿವೆಯೇ? ಸ್ಪೋರ್ಟ್ಸ್ ಕಾರಿನ ಸೀಟು ತಗ್ಗಿನಲ್ಲಿರುವುದರಿಂದ ಹತ್ತಿ ಇಳಿಯುವಾಗ ಬಾಗಿಲ ಕಡೆಯ ಅಂಚು ಬೇಗ ಉಜ್ಜಿಹೋಗುತ್ತದೆ. ಹಳೆಯ ಕಾರಿನಲ್ಲಿ ಪೆಡಲ್ ರಬ್ಬರ್ ಮಾತ್ರ ಹೊಚ್ಚ ಹೊಸದಾಗಿದ್ದರೂ ಕಾರಣ ಕೇಳಬೇಕು. ಬಾನೆಟ್ ತೆಗೆದರೆ ಜಪಾನೀ ಕಾರುಗಳಲ್ಲಿ ಬೆಲ್ಟ್ ಬದಲಿಸಿದ ದಿನಾಂಕ ಮತ್ತು ಓಟದ ಅಂಕಿ ಬರೆದ ಚೀಟಿ ಅಂಟಿಸಿರುವುದುಂಟು. ಮೀಟರ್ 70 ಸಾವಿರ ಎಂದು, ಚೀಟಿ ಒಂದು ಲಕ್ಷ ಎಂದು ಹೇಳಿದರೆ ನಂಬಬೇಕಾದದ್ದು ಚೀಟಿಯನ್ನು.

ಟೈರನ್ನು ಮಾತ್ರ ಇಲ್ಲಿ ಒಳ್ಳೆಯ ಸಾಕ್ಷಿ ಎನ್ನಲಾಗದು. ವೇಗವಾಗಿ ಓಡಿಸುವ ಕಾರಿನಲ್ಲಿ ಅದು ಬೇಗ ಸವೆಯುತ್ತದೆ, ಬದಲಿಸುವುದೂ ಸುಲಭ.

ಬೆಲ್ಜಿಯಂ ಈ ಕೆಲಸವನ್ನು ಕೊಳ್ಳುವವನ ತಲೆಗೇ ಕಟ್ಟಲಿಲ್ಲ. 2006ರಿಂದ ಅಲ್ಲಿ ‘ಕಾರ್-ಪಾಸ್’ ಪತ್ರವಿಲ್ಲದೆ ಹಳೆಯ ಕಾರು ಮಾರುವಂತಿಲ್ಲ. ಕಾರು ರಿಪೇರಿಗೆ ಬಂದಾಗಲೆಲ್ಲ ಗ್ಯಾರೇಜಿನವರು ಓಡೋಮೀಟರ್ ಅಂಕಿಯನ್ನು ವರದಿ ಮಾಡಬೇಕು. ಜರ್ಮನಿ 2005ರಲ್ಲಿ ಮೀಟರ್ ತಿದ್ದುವುದನ್ನೇ ಅಪರಾಧವೆಂದು ಸಾರಿತು.

ಓದಲು, ದುಡಿಯಲು ಬ್ರಿಟನ್‌ಗೆ ಹೋಗುವ ಕನ್ನಡದ ಮಕ್ಕಳಲ್ಲಿ ಬಹಳ ಮಂದಿ ಮೊದಲು ಕೊಳ್ಳುವುದು ಹಳೆಯ ಕಾರನ್ನೇ. ನಮ್ಮೂರಿನಲ್ಲೂ ಕಾಲೇಜು ಮೆಟ್ಟಿಲೇರಿದ ಮಗಳಿಗೆ ಸೆಕೆಂಡ್‌ಹ್ಯಾಂಡ್ ಸ್ಕೂಟರ್ ಹುಡುಕುವ ಅಪ್ಪಂದಿರಿದ್ದಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳಿದ್ದು ಇಂಥ ಹೊತ್ತಿಗೇ. ಸರ್ವೀಸ್ ಪುಸ್ತಕ, ಹಳೆಯ ಬಿಲ್ಲುಗಳು, ದಿನಾಂಕ ಬರೆದ ರಸೀದಿಗಳನ್ನು ಮುಂದಿಟ್ಟುಕೊಂಡು, ಮಗಳ ಗ್ರಾಫ್ ಹಾಳೆಯನ್ನು ಒಂದು ಸಂಜೆ ಎರವಲು ಪಡೆದರೆ ಸಾಕು. ಗೆರೆ ಕೆಳಗಿಳಿದರೆ ಅಡ್ವಾನ್ಸ್ ಕೊಡುವ ಮೊದಲೇ ಎದ್ದು ಬರಬಹುದು.