ಕಾರಿನ ಹುಚ್ಚು, ಜಾಲತಾಣದ ಪಾಠ: ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿಗಳು

ಕಾರು ಕಂಡರೆ ಊಟ, ನಿದ್ದೆ ಮರೆಯುವ ನಾಲ್ಕಾರು ಮಂದಿ ಪ್ರತಿ ಕಾಲೇಜಿನಲ್ಲೂ ಸಿಗುತ್ತಾರೆ. ಯಾವ ಮಾದರಿಗೆ ಎಷ್ಟು ಸಿಸಿ ಎಂಜಿನ್, ಯಾವ ವರ್ಷ ಅದರ ಹೆಡ್‌ಲೈಟ್ ಬದಲಾಯಿತು ಎಂಬುದು ಅವರ ನಾಲಿಗೆಯ ತುದಿಯಲ್ಲಿರುತ್ತದೆ. ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ಮಾತ್ರ ಇರುವುದಿಲ್ಲ. ಇಂಥ ವಿದ್ಯಾರ್ಥಿ ವೆಬ್ ವಿನ್ಯಾಸ ಕಲಿಯಲು ಹೊರಟನೆನ್ನಿ. ತರಬೇತಿ ಕೇಂದ್ರಗಳು ಸಾಮಾನ್ಯವಾಗಿ ಕೊಡುವ ಅಭ್ಯಾಸವೆಂದರೆ ಇಲ್ಲದ ಹೋಟೆಲಿಗೆ, ಇಲ್ಲದ ಬಟ್ಟೆ ಅಂಗಡಿಗೆ ಒಂದು ಜಾಲತಾಣ. ಅದು ಅರ್ಧಕ್ಕೇ ನಿಲ್ಲುತ್ತದೆ. ಅದೇ ವಿದ್ಯಾರ್ಥಿಗೆ ಅಂಬಾಸಿಡರ್ ಕಾರಿನ ಬಗ್ಗೆ ಒಂದು ತಾಣ ಮಾಡು ಎಂದರೆ ರಾತ್ರಿ ಎರಡು ಗಂಟೆಯವರೆಗೆ ಕುಳಿತು ಮುಗಿಸುತ್ತಾನೆ. ಮನೆಯವರಿಗೆ ಇದು ಕಾಲಹರಣವಾಗಿ ಕಾಣುವುದು ಸಹಜ. ಆದರೆ ಅಂತರ್ಜಾಲದ ಇತಿಹಾಸವನ್ನು ನೋಡಿದರೆ, ಬಹಳಷ್ಟು ಜನ ಈ ವಿದ್ಯೆಯನ್ನು ಕಲಿತದ್ದೇ ಹೀಗೆ.

ಮೋಟರ್‌ಸಿಟಿಯ ನಿವಾಸಿಗಳು

ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ಜಿಯೋಸಿಟೀಸ್ ಎಂಬ ಸೇವೆ ಯಾರು ಬೇಕಾದರೂ ಉಚಿತವಾಗಿ ಪುಟ ಕಟ್ಟಿಕೊಳ್ಳಲು ಜಾಗ ಕೊಟ್ಟಿತು. ಆ ಜಾಗವನ್ನು ನಗರದ ಬಡಾವಣೆಗಳಂತೆ ವಿಂಗಡಿಸಲಾಗಿತ್ತು. ಕಾರು ಮತ್ತು ರೇಸಿಂಗ್ ಪ್ರಿಯರ ಬಡಾವಣೆಯ ಹೆಸರು ಮೋಟರ್‌ಸಿಟಿ. ಪ್ರತಿ ಪುಟಕ್ಕೂ ಮನೆ ನಂಬರಿನಂತೆ ಒಂದು ಸಂಖ್ಯೆ. ಅಲ್ಲಿ ಪುಟ ಕಟ್ಟಿದವರಲ್ಲಿ ಹೆಚ್ಚಿನವರಿಗೆ ಗುರುವಿರಲಿಲ್ಲ. ಬ್ರೌಸರಿನಲ್ಲಿ ಪುಟದ ಮೂಲ ಸಂಕೇತವನ್ನು ತೋರಿಸುವ ಸೌಲಭ್ಯವೇ ಅವರ ಪಠ್ಯಪುಸ್ತಕ. ಚೆನ್ನಾಗಿ ಕಂಡ ಪುಟವನ್ನು ತೆರೆಯುವುದು, ಒಳಗೆ ಏನು ಬರೆದಿದೆಯೆಂದು ನೋಡುವುದು, ಒಂದು ಸಾಲು ಬದಲಿಸಿ ಏನಾಗುತ್ತದೆಂದು ಕಾಯುವುದು. ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನೋಡಿ ಕಲಿಯುವ ರೀತಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಜಿಯೋಸಿಟೀಸನ್ನು 1999ರಲ್ಲಿ ಯಾಹೂ ಕೊಂಡುಕೊಂಡಿತು. ಹತ್ತು ವರ್ಷಗಳ ಬಳಿಕ, 2009ರ ಅಕ್ಟೋಬರಿನಲ್ಲಿ, ಅಮೆರಿಕದ ಸೇವೆಗೆ ಬೀಗ ಬಿತ್ತು. ಇಂಟರ್‌ನೆಟ್ ಆರ್ಕೈವ್ ಸಂಸ್ಥೆ ಹಾಗೂ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಸಾಧ್ಯವಾದಷ್ಟನ್ನು ನಕಲು ಮಾಡಿ ಉಳಿಸಿದವು. ಉಳಿದದ್ದು ಹೋಯಿತು. ಬಾಡಿಗೆ ಜಾಗದಲ್ಲಿ ಕಟ್ಟಿದ ಮನೆಯ ಕಷ್ಟ ಇದು. ಈ ಮಾತಿಗೆ ಮುಂದೆ ಮತ್ತೆ ಬರೋಣ.

ಮೂರು ಪದರಗಳು

ವೆಬ್ ಪುಟವೊಂದರಲ್ಲಿ ಮುಖ್ಯವಾಗಿ ಮೂರು ಭಾಷೆಗಳು ಕೆಲಸ ಮಾಡುತ್ತವೆ. ಯಾವುದು ಶೀರ್ಷಿಕೆ, ಯಾವುದು ಪರಿಚ್ಛೇದ, ಯಾವುದು ಕೋಷ್ಟಕ ಎಂದು ಹೇಳುವುದು ಎಚ್‌ಟಿಎಂಎಲ್. ಅದು ಹೇಗೆ ಕಾಣಬೇಕೆಂದು ಹೇಳುವುದು ಸಿಎಸ್‌ಎಸ್. ಇದನ್ನು 1994ರಲ್ಲಿ ಹೋಕನ್ ವಿಯುಮ್ ಲೀ ಪ್ರಸ್ತಾಪಿಸಿದರು, 1996ರ ಡಿಸೆಂಬರಿನಲ್ಲಿ ಮೊದಲ ಆವೃತ್ತಿಗೆ ಮಾನ್ಯತೆ ಸಿಕ್ಕಿತು. ಗುಂಡಿ ಒತ್ತಿದಾಗ ಏನಾಗಬೇಕೆಂದು ಹೇಳುವುದು ಜಾವಾಸ್ಕ್ರಿಪ್ಟ್. ಬ್ರೆಂಡನ್ ಐಕ್ ಅದನ್ನು 1995ರಲ್ಲಿ ರೂಪಿಸಿದರು. ಚಾಸಿ, ಬಾಡಿ, ಎಂಜಿನ್ ಎಂದು ಕೆಲವರು ಹೋಲಿಸುವುದುಂಟು. ಹೋಲಿಕೆ ಅರ್ಧ ಮಾತ್ರ ಸರಿ. ಎಂಜಿನ್ ಇಲ್ಲದ ಕಾರು ಚಲಿಸದು, ಆದರೆ ಜಾವಾಸ್ಕ್ರಿಪ್ಟ್ ಇಲ್ಲದ ಪುಟವನ್ನು ಧಾರಾಳವಾಗಿ ಓದಬಹುದು. ಕಲಿಯುವವರು ಮೊದಲೆರಡನ್ನು ಬಿಟ್ಟು ಮೂರನೆಯದಕ್ಕೆ ಹಾರುವುದೇ ಇಂದಿನ ದೊಡ್ಡ ತೊಡಕು.

ಕಾರಿನ ವಿಷಯ ಇಲ್ಲಿ ಒಳ್ಳೆಯ ಪಾಠವಾಗುತ್ತದೆ, ಏಕೆಂದರೆ ಅದರಲ್ಲಿ ನಿಜವಾದ ಅಂಕಿ-ಅಂಶಗಳಿವೆ. ಮಾರುತಿ 800 ಕಾರನ್ನೇ ತೆಗೆದುಕೊಳ್ಳಿ. ರಸ್ತೆಗಿಳಿದದ್ದು 1983ರ ಡಿಸೆಂಬರ್, 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಉತ್ಪಾದನೆ ನಿಂತದ್ದು 2014ರ ಜನವರಿ. ಪಕ್ಕದಲ್ಲೇ ಅದೇ ವರ್ಷ ಉತ್ಪಾದನೆ ನಿಂತ ಅಂಬಾಸಿಡರ್. ಇವೆರಡನ್ನು ಹೋಲಿಸಲು ಕೋಷ್ಟಕ ಬೇಕು. ಹಿಂದೆ ಇಡೀ ಪುಟದ ರಚನೆಗೇ ಕೋಷ್ಟಕವನ್ನು ಬಳಸುವ ರೂಢಿಯಿತ್ತು. ಅದು ತಪ್ಪೆಂದು ಬಿಡಲು ವರ್ಷಗಳೇ ಹಿಡಿದವು. ಅಂಕಿ-ಅಂಶಕ್ಕೆ ಬಳಸುವುದು ಸರಿಯಾದ ಬಳಕೆ. ಆದರೆ ಎಂಟು ಕಾರುಗಳ ಎಂಟು ಕಂಬಸಾಲುಗಳು ಮೊಬೈಲಿನ ಪರದೆಯಲ್ಲಿ ಹಿಡಿಸವು. ಆಗ ವಿದ್ಯಾರ್ಥಿ ತಾನಾಗಿಯೇ ಯೋಚಿಸಬೇಕಾಗುತ್ತದೆ: ಕೋಷ್ಟಕವನ್ನು ಅಡ್ಡಕ್ಕೆ ಸರಿಸಲು ಬಿಡಬೇಕೋ, ಎರಡೆರಡು ಕಾರುಗಳನ್ನು ಮಾತ್ರ ತೋರಿಸಬೇಕೋ? ಪರದೆಯ ಅಗಲಕ್ಕೆ ತಕ್ಕಂತೆ ಒಂದೇ ಪುಟ ರೂಪ ಬದಲಿಸಿಕೊಳ್ಳುವ ಕ್ರಮಕ್ಕೆ ಈಥನ್ ಮಾರ್ಕಾಟ್ 2010ರಲ್ಲಿ ಬರೆದ ಲೇಖನವೊಂದು ಹೆಸರು ಕೊಟ್ಟಿತು. ಆ ಲೇಖನವನ್ನು ಓದಿ ಅರ್ಥವಾಗದ್ದು ಈ ಒಂದು ಕೋಷ್ಟಕದಿಂದ ಅರ್ಥವಾಗುತ್ತದೆ.

ಥಳುಕಿನ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. 2000ದ ದಶಕದಲ್ಲಿ ಅನೇಕ ಕಾರು ಕಂಪನಿಗಳ ತಾಣಗಳು ಫ್ಲ್ಯಾಶ್ ತಂತ್ರಾಂಶದಲ್ಲಿ ಮಾಡಿದ ಚಲಿಸುವ ಚಿತ್ರದಿಂದಲೇ ತೆರೆದುಕೊಳ್ಳುತ್ತಿದ್ದವು. ಎಂಜಿನ್ ಗುಡುಗುತ್ತಿತ್ತು, ಹೆಡ್‌ಲೈಟ್ ಮಿನುಗುತ್ತಿತ್ತು, ಬೆಲೆ ಮಾತ್ರ ಎಲ್ಲೂ ಸಿಗುತ್ತಿರಲಿಲ್ಲ. ಫ್ಲ್ಯಾಶಿಗೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಅದರಲ್ಲೇ ಪೂರ್ತಿಯಾಗಿ ಕಟ್ಟಿದ್ದ ಪುಟಗಳು ಇಂದಿನ ಬ್ರೌಸರಿನಲ್ಲಿ ಖಾಲಿ. ಅದೇ ಕಾಲದ ಸಾದಾ ಎಚ್‌ಟಿಎಂಎಲ್ ಪುಟಗಳು ಇವತ್ತಿಗೂ ತೆರೆದುಕೊಳ್ಳುತ್ತವೆ.

ಚಿತ್ರದ ತೂಕ, ಚಿತ್ರದ ಹಕ್ಕು

ಕಾರಿನ ತಾಣವೆಂದರೆ ಚಿತ್ರಗಳು. ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ 4 ಎಂಬಿ ಇದೆಯೆನ್ನಿ. ಅಂಥ 20 ಚಿತ್ರ ಹಾಕಿದರೆ ಪುಟದ ತೂಕ 80 ಎಂಬಿ. ನೋಡುವವನ ಡೇಟಾ ಖರ್ಚಾಗುವುದಲ್ಲದೆ, ಹಳ್ಳಿಯ ದುರ್ಬಲ ಸಿಗ್ನಲ್ಲಿನಲ್ಲಿ ಪುಟ ತೆರೆಯುವುದೇ ಇಲ್ಲ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ ಕುಗ್ಗಿಸಿದರೆ ಸಾಮಾನ್ಯವಾಗಿ ಒಂದು ಚಿತ್ರ 200 ಕೆಬಿಯ ಆಸುಪಾಸಿಗೆ ಬರುತ್ತದೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಡಯಲ್-ಅಪ್ ಕಾಲದಲ್ಲಿ 56 ಕೆಬಿಪಿಎಸ್ ಮೋಡೆಮಿನ ಪೂರ್ಣ ವೇಗದಲ್ಲೂ 100 ಕೆಬಿಯ ಚಿತ್ರ ಇಳಿಯಲು 14 ಸೆಕೆಂಡು ಬೇಕಿತ್ತು. ಆಗಿನವರಿಗೆ ಈ ಶಿಸ್ತು ಅನಿವಾರ್ಯವಾಗಿತ್ತು. ಈಗಿನವರಿಗೆ ಅದನ್ನು ಕಲಿಸಬೇಕಾಗಿದೆ.

ತೂಕಕ್ಕಿಂತ ಗಂಭೀರವಾದದ್ದು ಹಕ್ಕು. ಹುಡುಕುತಾಣದಲ್ಲಿ ಸಿಕ್ಕ ಚಿತ್ರ ಉಚಿತ ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಅದು ನಿಜವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯ ನಂತರ, ಭಾರತದಲ್ಲಿ ಛಾಯಾಚಿತ್ರದ ಹಕ್ಕು ಸಾಮಾನ್ಯವಾಗಿ ಛಾಯಾಗ್ರಾಹಕ ಬದುಕಿರುವಷ್ಟು ಕಾಲ ಮತ್ತು ಆತನ ನಂತರದ 60 ವರ್ಷ ಉಳಿಯುತ್ತದೆ. ಚಿತ್ರದ ಕೆಳಗೆ ‘ಕೃಪೆ: ಅಂತರ್ಜಾಲ’ ಎಂದು ಬರೆದರೆ ಅನುಮತಿ ಪಡೆದಂತಾಗದು. (ಪತ್ರಿಕೆಗಳೂ ಈ ಮಾತನ್ನು ಬರೆಯುವುದುಂಟು, ಅದರಿಂದ ಅದು ಸರಿಯಾಗುವುದಿಲ್ಲ.) ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಚಿತ್ರಗಳನ್ನು ಅದರ ಷರತ್ತಿನಂತೆ ಬಳಸಬಹುದು. ಎಲ್ಲಕ್ಕಿಂತ ಸುಲಭವಾದ ದಾರಿ, ಚಿತ್ರವನ್ನು ತಾನೇ ತೆಗೆಯುವುದು. ಧರ್ಮಸ್ಥಳದಲ್ಲಿ ಹಳೆಯ ವಾಹನಗಳ ಸಂಗ್ರಹವಿದೆ, ಶ್ರೀರಂಗಪಟ್ಟಣದ ಬಳಿ ‘ಪಯಣ’ ಕಾರು ಸಂಗ್ರಹಾಲಯವಿದೆ. ಚಿತ್ರ ತೆಗೆಯುವ ನಿಯಮವನ್ನು ಅಲ್ಲಿಯೇ ಕೇಳಿಕೊಂಡರಾಯಿತು.

ಖಾಸಗಿಯವರ ಕಾರಿನ ಚಿತ್ರವಾದರೆ ಇನ್ನೂ ಎರಡು ಕೆಲಸಗಳಿವೆ. ನಂಬರ್ ಪ್ಲೇಟನ್ನು ಮಸುಕುಗೊಳಿಸಬೇಕು. ಚಿತ್ರದ ಕಡತದೊಳಗೆ ಮೊಬೈಲು ಸೇರಿಸಿರಬಹುದಾದ ಸ್ಥಳದ ಅಕ್ಷಾಂಶ-ರೇಖಾಂಶವನ್ನು ತೆಗೆದುಹಾಕಬೇಕು. ಅಪರೂಪದ ಕಾರು ಯಾವ ಶೆಡ್ಡಿನಲ್ಲಿ ನಿಂತಿದೆಯೆಂದು ಕಳ್ಳನಿಗೆ ದಾರಿ ತೋರಿಸುವ ಕೆಲಸವನ್ನು ಅಭಿಮಾನಿ ಮಾಡಬಾರದಲ್ಲ!

ಹೆಸರಿನ ಜಗಳ

ತಾಣಕ್ಕೆ ಏನು ಹೆಸರಿಡುವುದು? ಮೆಚ್ಚಿನ ಕಂಪನಿಯ ಹೆಸರನ್ನೇ ಇಡುವ ಆಸೆಯಾಗುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾದ ಉಜಿ ನಿಸಾನ್ ಎಂಬುವರು ತಮ್ಮ ಕಂಪ್ಯೂಟರ್ ವ್ಯಾಪಾರಕ್ಕಾಗಿ 1994ರಲ್ಲಿ ನಿಸಾನ್ ಡಾಟ್ ಕಾಮ್ ಎಂಬ ವಿಳಾಸವನ್ನು ನೋಂದಾಯಿಸಿದ್ದರು. ನಿಸಾನ್ ಎಂಬುದು ಅವರ ಮನೆತನದ ಹೆಸರು. ಜಪಾನಿನ ಕಾರು ಕಂಪನಿ 1999ರಲ್ಲಿ ಅವರ ಮೇಲೆ ದಾವೆ ಹೂಡಿತು. ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಕೊನೆಗೆ ವಿಳಾಸ ಅವರಿಗೇ ಉಳಿಯಿತು. 2020ರಲ್ಲಿ ತೀರಿಕೊಳ್ಳುವವರೆಗೂ ಅವರ ಕೈಯಲ್ಲಿತ್ತು. ತನ್ನದೇ ಹೆಸರಿದ್ದವನಿಗೆ ಈ ಪಾಡಾದರೆ, ಕಾಲೇಜು ವಿದ್ಯಾರ್ಥಿ ಕಂಪನಿಯ ಹೆಸರು, ಲಾಂಛನಗಳನ್ನು ತನ್ನ ವಿಳಾಸದಲ್ಲಿ ಬಳಸುವ ಮೊದಲು ಯೋಚಿಸುವುದು ಒಳಿತು. ಪುಟದೊಳಗೆ ಕಾರಿನ ಹೆಸರು ಬರೆದು ಅದರ ಗುಣದೋಷ ಹೇಳುವುದು ಬೇರೆ, ಕಂಪನಿಯ ಅಧಿಕೃತ ತಾಣವೆಂಬ ಭ್ರಮೆ ಹುಟ್ಟಿಸುವುದು ಬೇರೆ.

ಇನ್ನೊಂದು ಪ್ರಕರಣ ಸ್ವಿಟ್ಜರ್ಲೆಂಡಿನದು. ಹದಿನೈದರ ಹುಡುಗನೊಬ್ಬ 2008ರಲ್ಲಿ ಫೇಸ್‌ಬುಕ್‌ನಲ್ಲಿ ಫೆರಾರಿ ಅಭಿಮಾನಿ ಪುಟ ತೆರೆದ. ಒಂದೇ ವರ್ಷದಲ್ಲಿ ಲಕ್ಷಾಂತರ ಮಂದಿ ಸೇರಿದರು. 2009ರಲ್ಲಿ ಪುಟದ ಆಡಳಿತವನ್ನು ಕಂಪನಿ ತನ್ನ ಕೈಗೆ ತೆಗೆದುಕೊಂಡಿತು. ಮುಂದೆ ಜಗಳವಾಗಿ ಎರಡೂ ಕಡೆಯವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಯಾರದ್ದು ಸರಿ ಎಂಬ ಚರ್ಚೆ ಇಲ್ಲಿ ಬೇಡ. ಜಾಗ ಮೂರನೆಯವರದ್ದು, ಹೆಸರು ಕಂಪನಿಯದ್ದು, ದುಡಿಮೆ ಮಾತ್ರ ಹುಡುಗನದ್ದು ಎಂಬುದನ್ನು ಗಮನಿಸಿದರೆ ಸಾಕು. ಸ್ವಂತ ಹೆಸರಿನ ವಿಳಾಸವನ್ನು ವರ್ಷಕ್ಕೆ ಇಷ್ಟು ಎಂದು ಶುಲ್ಕ ತೆತ್ತು ಇಟ್ಟುಕೊಳ್ಳಬಹುದು. ಸಾದಾ ಪುಟಗಳನ್ನು ಇಡಲು ಗಿಟ್‌ಹಬ್ ಪೇಜಸ್‌ನಂಥ ಉಚಿತ ಸೇವೆಗಳಿವೆ. ಅದೂ ಬಾಡಿಗೆಯದ್ದೇ ಜಾಗ, ನಿಜ. ಆದರೆ ವಿಳಾಸ ನಿಮ್ಮದಾಗಿ, ಕಡತಗಳ ನಕಲು ಮನೆಯ ಡಿಸ್ಕಿನಲ್ಲಿದ್ದರೆ ನಾಳೆ ಬೇರೆಡೆಗೆ ಹೋಗಬಹುದು.

ಕಂತಿನ ಲೆಕ್ಕ

ಜಾವಾಸ್ಕ್ರಿಪ್ಟ್ ಕಲಿಯುವ ಹಂತಕ್ಕೆ ಬಂದಾಗ ಕಾರುಪ್ರಿಯರು ಮಾಡಬಹುದಾದ ಅತ್ಯುತ್ತಮ ಅಭ್ಯಾಸವೆಂದರೆ ಸಾಲದ ಕಂತಿನ ಗಣಕ. ಸೂತ್ರ ಒಂದೇ ಸಾಲಿನದು. 6 ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇ. 9 ಬಡ್ಡಿ, 60 ತಿಂಗಳು ಎಂದಿಟ್ಟುಕೊಳ್ಳೋಣ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಕ್ರಮದಲ್ಲಿ ತಿಂಗಳ ಕಂತು ಸುಮಾರು 12,455 ರೂಪಾಯಿ; ಐದು ವರ್ಷದ ಒಟ್ಟು ಬಡ್ಡಿ ಸುಮಾರು 1.47 ಲಕ್ಷ. ಅದೇ ಶೇ. 9ನ್ನು ‘ಫ್ಲ್ಯಾಟ್’ ಬಡ್ಡಿ ಎಂದು ಹೇಳಿದರೆ, ತೀರಿಸಿದ ಅಸಲಿಗೂ ಕೊನೆಯವರೆಗೆ ಬಡ್ಡಿ ತೆರಬೇಕಾಗುತ್ತದೆ. ಆಗ ಕಂತು 14,500, ಒಟ್ಟು ಬಡ್ಡಿ 2.7 ಲಕ್ಷ. ಬಾಯಲ್ಲಿ ಹೇಳುವ ಅಂಕಿ ಒಂದೇ, ಜೇಬಿನಿಂದ ಹೋಗುವ ಹಣದಲ್ಲಿ 1.2 ಲಕ್ಷಕ್ಕೂ ಹೆಚ್ಚಿನ ವ್ಯತ್ಯಾಸ! ಎರಡೂ ಲೆಕ್ಕವನ್ನು ಅಕ್ಕಪಕ್ಕ ತೋರಿಸುವ ಪುಟವನ್ನು ಮಗನೋ ಮಗಳೋ ಮಾಡಿ ತೋರಿಸಿದರೆ, ಕಾರಿನ ಹುಚ್ಚೆಂದು ಗೊಣಗುವ ತಂದೆಯೂ ಷೋರೂಮಿಗೆ ಹೋಗುವ ಮೊದಲು ಅದನ್ನು ತೆರೆದು ನೋಡಿಯಾರು.

ಕೆಲಸ ಕೇಳಿಕೊಂಡು ಹೋದಾಗಲೂ ಇಂಥ ಪುಟಕ್ಕೆ ಬೆಲೆಯಿದೆ. ತಪ್ಪು ಅಂಕಿ ತುಂಬಿದರೆ ಏನಾಗುತ್ತದೆ, ಬಡ್ಡಿ ಸೊನ್ನೆಯಾದರೆ ಸೂತ್ರ ಮುರಿಯುವುದಿಲ್ಲವೇ ಎಂದು ಕೇಳಿದಾಗ, ತಾನೇ ಕಟ್ಟಿದವನ ಬಳಿ ಉತ್ತರವಿರುತ್ತದೆ. ನಕಲು ಮಾಡಿದವನು ತಡವರಿಸುತ್ತಾನೆ.

ಕನ್ನಡದಲ್ಲಿ ಮಾಡುವುದಾದರೆ

ಕನ್ನಡದ ತಾಣಕ್ಕೆ ಬೇರೆಯದೇ ಶಿಸ್ತು ಬೇಕು. ಹಳೆಯ ಫಾಂಟುಗಳಲ್ಲಿ ಟೈಪಿಸಿದ ಪಠ್ಯ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಹುಡುಕಿದರೆ ಸಿಗದು. ಪಠ್ಯ ಯೂನಿಕೋಡಿನಲ್ಲೇ ಇರಬೇಕು. ಇಂಗ್ಲಿಷಿಗೆ ಹೊಂದುವ ಸಾಲಿನ ಅಂತರ ಕನ್ನಡಕ್ಕೆ ಸಾಲುವುದಿಲ್ಲ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರದ ಎತ್ತರದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಬಿಟ್ಟರೆ ಓದಲು ಹಿತ. ನೋಟೊ ಸಾನ್ಸ್ ಕನ್ನಡದಂಥ ಉಚಿತ ಫಾಂಟುಗಳಿವೆ. ಪುಟದ ಭಾಷೆ ಕನ್ನಡ ಎಂದು ಸಂಕೇತದಲ್ಲಿ ನಮೂದಿಸಿದರೆ, ದೃಷ್ಟಿದೋಷವುಳ್ಳವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಯಾವ ಭಾಷೆಯಲ್ಲಿ ಓದಬೇಕೆಂದು ತಿಳಿಯುತ್ತದೆ.

ಬರೆಯಲು ವಿಷಯಕ್ಕೇನೂ ಬರವಿಲ್ಲ. ವಿದ್ಯುತ್ ಕಾರಿನ ಮಾತು ಈಗ ಎಲ್ಲೆಲ್ಲೂ ಇದೆ. ಬೆಂಗಳೂರಿನ ರೇವಾ 2001ರಲ್ಲೇ ರಸ್ತೆಗಿಳಿದಿತ್ತು, 2010ರಲ್ಲಿ ಮಹೀಂದ್ರ ಕೈಸೇರಿತು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಹೊರಬಂದ ಕ್ವಾಲಿಸ್ ಒಂದು ಕಾಲಕ್ಕೆ ರಾಜ್ಯದ ಹೆದ್ದಾರಿಗಳನ್ನೆಲ್ಲ ತುಂಬಿತ್ತು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಊರೂರಿನ ಗ್ಯಾರೇಜುಗಳಲ್ಲಿ ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಅವರ ಮಾತನ್ನು ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಕಾರಿನ ಮಾದರಿವಾರು ಕನ್ನಡದಲ್ಲಿ ಬರೆದಿಡಲು ಒಂದು ಬೇಸಿಗೆ ರಜೆ ಸಾಕು.