ಕಂಪ್ಯೂಟರಿನಲ್ಲಿ ಟಿವಿ: ಯಾವ ಕಾರ್ಡು ಕೊಳ್ಳಬೇಕು?

ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅನೇಕ ಮನೆಗಳು ತಗ್ಗಿನ ಅಡಿಕೆ ತೋಟದ ಪಕ್ಕದಲ್ಲಿವೆ. ನೆಲದ ಮೇಲಿನ ಟ್ರಾನ್ಸ್‌ಮಿಟರಿನಿಂದ ಬರುವ ತರಂಗಗಳಿಗೆ ಗುಡ್ಡ ಅಡ್ಡವಾಗುತ್ತದೆ. ಹಿಂದೆ ಆಂಟೆನಾವನ್ನು ಎತ್ತರಕ್ಕೆ ಏರಿಸಬೇಕಾಗುತ್ತಿದ್ದುದು ಇದಕ್ಕಾಗಿಯೇ.

ಮಕ್ಕಳ ಪಾಠದ ಚಾನಲ್‌ಗಳನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಟ್ಯೂನರ್ ಕಾರ್ಡು ಕೊಳ್ಳುವ ಪಾಲಕರು ಬೆಲೆಗಿಂತ ಮೊದಲು, ಅದು ಯಾವ ಸಂಕೇತ ಹಿಡಿಯುತ್ತದೆಂದು ಕೇಳಬೇಕು. ಅಗ್ಗದ ಹಳೆಯ ಅನಲಾಗ್ ಕಾರ್ಡು ಬೇಡ. ಕೇಬಲ್ ಡಿಜಿಟಲ್ ಆಗುವ ಕೊನೆಯ ಗಡುವು 2017ರ ಮಾರ್ಚಿಗೆ ಮುಗಿಯಿತು. ದೂರದರ್ಶನವೂ 2022ರ ವೇಳೆಗೆ ಬಹುತೇಕ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಮುಚ್ಚಿತು. ಹಳೆಯ ಯಕ್ಷಗಾನದ ವಿಡಿಯೋ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಮಾತ್ರ ಅದರ ಹಳದಿ ಜ್ಯಾಕು ಉಪಯೋಗಕ್ಕೆ ಬಂದೀತು.

ನಮ್ಮ ತಗ್ಗಿಗೆ ಹೊಂದುವುದು ಉಪಗ್ರಹದ ಸಂಕೇತ ಹಿಡಿಯುವ ‘ಡಿವಿಬಿ-ಎಸ್2’ ಕಾರ್ಡು. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹವಿರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸಿರ್ಸಿಯಿಂದ ನೋಡಿದರೆ ಆಗ್ನೇಯಕ್ಕೆ, ದಿಗಂತದಿಂದ ಸುಮಾರು 62 ಡಿಗ್ರಿ ಮೇಲೆ! ಅಷ್ಟೆತ್ತರಕ್ಕೆ ನೋಡುವ ಡಿಶ್ಶಿಗೆ ಗುಡ್ಡ ಸಾಮಾನ್ಯವಾಗಿ ಅಡ್ಡಬರದು. ಹತ್ತಿರದ ಅಡಿಕೆ ಸೋಗೆ ಬಂದೀತು.

ಹಣ ಕಟ್ಟುವ ಡಿಟಿಎಚ್ ಚಾನಲ್‌ಗಳು ಇದರಲ್ಲಿ ಕಾಣುವುದಿಲ್ಲ, ಅವಕ್ಕೆ ಆಯಾ ಕಂಪನಿಯ ಪೆಟ್ಟಿಗೆಯೇ ಬೇಕು. ಡೆಸ್ಕ್‌ಟಾಪಿಗಾದರೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು, ಲ್ಯಾಪ್‌ಟಾಪಿಗೆ ಯುಎಸ್‌ಬಿ ಪೆಟ್ಟಿಗೆ. ನಿಮ್ಮ ವಿಂಡೋಸಿಗೆ ಡ್ರೈವರ್ ಇದೆಯೇ ಎಂದು ಅಂಗಡಿಯಲ್ಲೇ ಹಾಕಿಸಿ ನೋಡಿ.

ಜಡಿಮಳೆಯಲ್ಲಿ ಚಿತ್ರ ನಿಂತುಹೋಗುತ್ತದೆ, ಏಕೆಂದರೆ ಈ ತರಂಗಗಳನ್ನು ಮಳೆಹನಿ ಹೀರುತ್ತದೆ. 2017ರಲ್ಲಿ ಆರಂಭವಾದ ಸ್ವಯಂ ಪ್ರಭಾ ಚಾನಲ್‌ಗಳು ದಿನದ ಪಾಠವನ್ನು ಮತ್ತೆ ಮತ್ತೆ ಪ್ರಸಾರ ಮಾಡುವಂತೆ ರೂಪುಗೊಂಡವು. ಹೊಳವಾದಾಗ ರೆಕಾರ್ಡ್ ಮಾಡಿಕೊಳ್ಳಬಹುದು.