ಸತ್ತ ಜಾಗವಲ್ಲ, ಅದರ ಹಿಂದಿನ ಎರಡು ನಿಮಿಷ

ಪಂದ್ಯ ಮುಗಿದ ಕೂಡಲೇ ಮೊಬೈಲ್ ಪರದೆಯ ಮೇಲೆ ನಾಲ್ಕು ಹೆಸರು, ನಾಲ್ಕು ಸಾಲು ಅಂಕಿ ಮೂಡುತ್ತವೆ. ಯಾರು ಎಷ್ಟು ಜನರನ್ನು ಫಿನಿಶ್ ಮಾಡಿದರು, ಎಷ್ಟು ಡ್ಯಾಮೇಜ್ ಕೊಟ್ಟರು, ಎಷ್ಟು ಹೊತ್ತು ಬದುಕಿದ್ದರು, ಬಿದ್ದವರನ್ನು ಎಷ್ಟು ಸಲ ಎಬ್ಬಿಸಿದರು ಎಂಬ ಲೆಕ್ಕ. ಬಿಜಿಎಂಐ ಆಡುವ ಹುಡುಗರು ಇದನ್ನು ನೋಡುವುದು ಕೆಲವೇ ಸೆಕೆಂಡು. ಅಷ್ಟರಲ್ಲೇ ತೀರ್ಪೂ ಹೊರಬಿದ್ದಿರುತ್ತದೆ: ಐದು ಕಿಲ್ ಮಾಡಿದವನು ಹುಲಿ, ಸೊನ್ನೆ ಬಂದವನು ತಂಡಕ್ಕೆ ಭಾರ. ಮರುಕ್ಷಣ ಮುಂದಿನ ಪಂದ್ಯಕ್ಕೆ ಬೆರಳು ಒತ್ತಿ ಆಗಿರುತ್ತದೆ. ನಮ್ಮ ಊರುಗಳ ಎಷ್ಟೋ ಸ್ಕ್ವಾಡ್‌ಗಳು ವರ್ಷಗಟ್ಟಲೆ ಆಡಿಯೂ ಇದ್ದಲ್ಲೇ ಇರುವುದಕ್ಕೆ ಈ ಆತುರವೇ ಮುಖ್ಯ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪಬ್‌ಜಿ ಮೊಬೈಲ್ ಬಂದದ್ದು 2018ರಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಕ್ರಾಫ್ಟನ್ ಕಂಪನಿ ಭಾರತಕ್ಕೆಂದೇ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ (ಬಿಜಿಎಂಐ) ಹೆಸರಿನಲ್ಲಿ ತಂದಿತು. ಮುಂದಿನ ವರ್ಷ ಅದೂ ಆ್ಯಪ್ ಸ್ಟೋರ್‌ಗಳಿಂದ ಮಾಯವಾಗಿ, 2023ರ ಮೇ ತಿಂಗಳಲ್ಲಿ ಮರಳಿತು. ಸಾಮಾನ್ಯ ಪಂದ್ಯದಲ್ಲಿ ನೂರು ಜನ ವಿಮಾನದಿಂದ ಜಿಗಿಯುತ್ತಾರೆ, ನೆಲದ ಮೇಲೆ ಸಿಕ್ಕ ಬಂದೂಕು, ಹೆಲ್ಮೆಟ್, ಔಷಧಿ ಬಾಚಿಕೊಳ್ಳುತ್ತಾರೆ. ಆಡುವ ಜಾಗ ವೃತ್ತಾಕಾರದಲ್ಲಿ ಕುಗ್ಗುತ್ತಾ ಹೋಗುತ್ತದೆ. ಇದಕ್ಕೆ ಹುಡುಗರ ಮಾತಿನಲ್ಲಿ ಝೋನ್. ಹೊರಗುಳಿದವರ ಜೀವ ಕರಗುತ್ತದೆ. ಸ್ಕ್ವಾಡ್ ಎಂದರೆ ನಾಲ್ಕು ಜನ. ಕೊನೆಗೆ ಉಳಿದ ತಂಡಕ್ಕೆ ಚಿಕನ್ ಡಿನ್ನರ್. ಎಲ್ಲ ಸೇರಿ ಸುಮಾರು ಅರ್ಧ ಗಂಟೆ.

ಟೂರ್ನಿಗಳಲ್ಲಿ 16 ತಂಡ, 64 ಆಟಗಾರರು. ಅಲ್ಲಿ ಅಂಕ ಕೊಡುವ ಕ್ರಮದಲ್ಲೇ ಒಂದು ಪಾಠವಿದೆ. ಈಗಿನ ಪದ್ಧತಿಯಲ್ಲಿ ಮೊದಲ ಸ್ಥಾನಕ್ಕೆ 10 ಅಂಕ, ಎರಡನೆಯದಕ್ಕೆ 6, ಮೂರನೆಯದಕ್ಕೆ 5, ಆಮೇಲೆ 4, 3, 2, 1, 1. ಒಂಬತ್ತನೆಯ ಸ್ಥಾನದಿಂದ ಕೆಳಗೆ ಸೊನ್ನೆ. ಪ್ರತಿ ಫಿನಿಶ್‌ಗೆ ಒಂದು ಅಂಕ. ಲೆಕ್ಕ ಹಾಕಿ ನೋಡಿ: ಒಂದು ತಂಡ ಹನ್ನೆರಡು ಜನರನ್ನು ಉರುಳಿಸಿ ಒಂಬತ್ತನೆಯ ಸ್ಥಾನದಲ್ಲಿ ಹೊರಬಿದ್ದರೆ 12 ಅಂಕ. ಇನ್ನೊಂದು ತಂಡ ಬರೀ ಮೂವರನ್ನು ಉರುಳಿಸಿ ಕೊನೆಯವರೆಗೆ ಉಳಿದರೆ 13. ಕಿಲ್ ಎಣಿಸಿ ಆಟಗಾರನನ್ನು ಅಳೆಯುವವರು ಈ ಎರಡು ಸಂಖ್ಯೆಗಳನ್ನು ಒಂದು ಸಲ ಬರೆದು ನೋಡಬೇಕು.

ಡ್ಯಾಮೇಜ್ ಅಂಕಿಯೂ ಅಷ್ಟೇ. ಒಬ್ಬ ಎದುರಾಳಿಯ ಪೂರ್ತಿ ಜೀವ 100. ಒಬ್ಬನ ಹೆಸರಿನ ಮುಂದೆ 600 ಡ್ಯಾಮೇಜ್, ಒಂದೇ ಫಿನಿಶ್ ಇದೆ ಎಂದರೆ ಅವನ ಗುರಿ ಕೆಟ್ಟದು ಎಂದು ಅರ್ಥವಲ್ಲ. ದೂರದಿಂದ ಹೊಡೆದು ಎದುರಾಳಿಗಳನ್ನು ಸೊರಗಿಸಿದ್ದು ಅವನು, ಹತ್ತಿರ ಹೋಗಿ ಮುಗಿಸಿದ್ದು ಬೇರೆಯವರು ಎಂದಿರಬಹುದು. ಅಥವಾ ಅವನು ಬೀಳಿಸಿದವರನ್ನೆಲ್ಲ ಅವರ ಜೊತೆಗಾರರು ಎಬ್ಬಿಸಿಕೊಂಡಿರಬಹುದು. ಆಗ ಕೇಳಬೇಕಾದ ಪ್ರಶ್ನೆ ಬೇರೆ: ಒಬ್ಬ ಎದುರಾಳಿ ನಾಕ್ ಆಗಿ ಬಿದ್ದಾಗ ಉಳಿದ ಮೂವರು ಯಾಕೆ ಮುಂದೆ ಹೋಗಲಿಲ್ಲ? ಬಿದ್ದವನನ್ನು ಎಬ್ಬಿಸಲು ಸುಮಾರು ಹತ್ತು ಸೆಕೆಂಡು ಬೇಕು. ಆ ಹತ್ತು ಸೆಕೆಂಡು ನಾಲ್ವರೆದುರು ಇಬ್ಬರ ಸೆಣಸು, ಏಕೆಂದರೆ ಒಬ್ಬ ಬಿದ್ದಿದ್ದಾನೆ, ಇನ್ನೊಬ್ಬ ಅವನ ಪಕ್ಕ ಮಂಡಿಯೂರಿದ್ದಾನೆ. ಅದನ್ನು ಬಳಸಿಕೊಂಡೆವೋ ಬಿಟ್ಟೆವೋ ಎಂಬುದು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಸರಿಯಾದ ಹೊತ್ತಿಗೆ ಎಸೆದ ಸ್ಮೋಕ್, ಅಂದರೆ ಹೊಗೆ ಬಾಂಬು, ಬರುವುದಿಲ್ಲ. ತನ್ನ ಫಸ್ಟ್ ಏಡ್ ಕಿಟ್ ಜೊತೆಗಾರನಿಗೆ ಕೊಟ್ಟದ್ದು ಬರುವುದಿಲ್ಲ. ಎಲ್ಲರೂ ಲೂಟ್ ಮಾಡುತ್ತಿದ್ದಾಗ ಒಬ್ಬನೇ ಕಿಟಕಿಯ ಬಳಿ ನಿಂತು ಹಿಂಬದಿ ಕಾದದ್ದೂ ಬರುವುದಿಲ್ಲ. ಕಬಡ್ಡಿಯಲ್ಲಿ ಕಾಲು ಹಿಡಿದವನ ಹೆಸರು ಮೈಕಿನಲ್ಲಿ ಕೂಗುತ್ತಾರೆ, ಪಕ್ಕದಲ್ಲಿ ನಿಂತು ರೈಡರ್‌ನ ದಾರಿ ಮುಚ್ಚಿದವನ ಹೆಸರು ಕೂಗುವುದಿಲ್ಲ. ಆದರೆ ಆ ತಂಡದ ತರಬೇತುದಾರನಿಗೆ ಅವನಿಲ್ಲದೆ ಹಿಡಿತವೇ ಇಲ್ಲ ಎಂಬುದು ಗೊತ್ತಿರುತ್ತದೆ. ಸ್ಕ್ವಾಡ್‌ಗೂ ಅಂಥ ಒಂದು ಕಣ್ಣು ಬೇಕು.

ಮೈಸೂರಿನ ಸರಸ್ವತಿಪುರಂನ ಬಾಡಿಗೆ ರೂಮೊಂದರಲ್ಲಿ ನಾಲ್ವರು ಕಾಲೇಜು ಹುಡುಗರು ಕೂತು ತಮ್ಮ ಪಂದ್ಯವನ್ನು ಮತ್ತೆ ನೋಡುವುದನ್ನು ನಾನು ಪಕ್ಕದಲ್ಲೇ ಕೂತು ಗಮನಿಸಿದೆ. ಎರಾಂಗೆಲ್ ಮ್ಯಾಪ್. ಅವರು ಇಳಿದದ್ದು ಯಾಸ್ನಾಯಾ ಪೊಲ್ಯಾನಾದಲ್ಲಿ, ಅಂದರೆ ಉತ್ತರಕ್ಕೆ. ಝೋನ್ ಕುಗ್ಗಿದ್ದು ಮಿಲಿಟರಿ ಬೇಸ್ ಇರುವ ದಕ್ಷಿಣದ ದ್ವೀಪದ ಕಡೆ. ಆ ದ್ವೀಪಕ್ಕೆ ಎರಡೇ ಸೇತುವೆ. ಇಲ್ಲದಿದ್ದರೆ ದೋಣಿ, ಈಜು. ಇವರ ಜೀಪು ಸೇತುವೆ ಏರುವ ಹೊತ್ತಿಗೆ ಆಚೆ ತುದಿಯಲ್ಲಿ ಇನ್ನೊಂದು ತಂಡ ಕಾದು ಕೂತಿತ್ತು. ಮೊದಲು ಬಿದ್ದವನು ಸ್ನೈಪರ್, ಆಮೇಲೆ ಕ್ಯಾಪ್ಟನ್. ಮೂರನೆಯವನು ಸ್ಮೋಕ್ ಹಾಕದೆ ಎಬ್ಬಿಸಲು ಬಗ್ಗಿ ತಾನೂ ಹೋದ. ನಾಲ್ಕನೆಯವನು ಒಬ್ಬನೇ ಏನು ಮಾಡಿಯಾನು? ಹನ್ನೊಂದನೆಯ ಸ್ಥಾನ, ಏಳು ಫಿನಿಶ್. ಅದರಲ್ಲಿ ನಾಲ್ಕು ಆ ಕೊನೆಯವನದ್ದೇ. ಕ್ಯಾಪ್ಟನ್‌ನದು ಸೊನ್ನೆ.

ಜಗಳ ಶುರುವಾಯಿತು. "ಲೋ, ನೀನ್ ಮೊದ್ಲೇ ಬಿದ್ಬಿಟ್ಟೆ, ಅದಕ್ಕೇ ಎಲ್ಲಾ ಹಾಳಾಯ್ತು." "ನಾನೇನ್ ಮಾಡ್ಲಿ ಮಗಾ? ಬ್ರಿಡ್ಜ್ ಮೇಲೆ ಗಾಡಿ ನುಗ್ಸಿದ್ದು ಯಾರು?" ಐದು ನಿಮಿಷ ಇದೇ ನಡೆಯಿತು. ಆಮೇಲೆ ಕ್ಯಾಪ್ಟನ್ ತನ್ನ ಫೋನಿನ ಸ್ಕ್ರೀನ್ ರೆಕಾರ್ಡಿಂಗನ್ನು ಲ್ಯಾಪ್‌ಟಾಪಿಗೆ ಹಾಕಿದ. ಎಲ್ಲರೂ ಸೇತುವೆಯ ದೃಶ್ಯಕ್ಕೆ ಕಾದರೆ ಅವನು ಅದಕ್ಕೂ ಹಿಂದಕ್ಕೆ, ಝೋನ್ ಕಾಣಿಸಿಕೊಂಡ ಕ್ಷಣಕ್ಕೆ ಎಳೆದ. ಅಲ್ಲಿ ಅವನದೇ ದನಿ ಕೇಳಿಸಿತು: "ಝೋನ್ ಬೇಸ್ ಕಡೆ ಹೋಯ್ತು. ಹೊರಡೋಣ್ವಾ?" ಯಾರೂ ಉತ್ತರಿಸಲಿಲ್ಲ. ಲೂಟ್ ಎತ್ತಿಕೊಳ್ಳುವ ಸದ್ದಷ್ಟೇ. ಸ್ವಲ್ಪ ಹೊತ್ತಿಗೆ ಮತ್ತೆ, "ಹೊರಡೋಣ್ವಾ?" ಆಗ ನಾಲ್ಕು ಕಿಲ್‌ನ ಹುಡುಗ: "ಒಂದ್ನಿಮ್ಷ ಗುರು, ಡ್ರಾಪ್ ಬಿದ್ದಿದೆ, ನೋಡ್ಕೊಂಡ್ ಬಂದ್ಬಿಡ್ತೀನಿ." ಆ ಒಂದು ನಿಮಿಷ ಎರಡಾಯಿತು. ಡ್ರಾಪ್‌ನಲ್ಲಿ (ವಿಮಾನದಿಂದ ಬೀಳುವ ಸಾಮಾನಿನ ಪೆಟ್ಟಿಗೆ) ಅವನಿಗೆ ಒಳ್ಳೆಯ ಹೆಲ್ಮೆಟ್ ಸಿಕ್ಕಿತು, ಅಲ್ಲಿಗೆ ಬಂದ ಇಬ್ಬರು ಎದುರಾಳಿಗಳೂ ಸಿಕ್ಕರು. ಅವನ ನಾಲ್ಕರಲ್ಲಿ ಎರಡು ಫಿನಿಶ್ ಅವೇ. ಅಷ್ಟರಲ್ಲಿ ಸೇತುವೆಯ ಆಚೆ ತುದಿ ಬೇರೆಯವರ ಪಾಲಾಗಿತ್ತು.

ಆ ಹುಡುಗನೇ ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ಅದೇ ತುಣುಕನ್ನು ಎರಡು ಸಲ ಹಾಕಿ ನೋಡಿದ. "ನಂದೇ ಲೇಟು" ಅಂದ. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ, ನನಗೆ ಮೆಚ್ಚುಗೆಯಾದದ್ದು ಅದೇ. ಕ್ಯಾಪ್ಟನ್ ಕೇಳಿದ್ದು ಪ್ರಶ್ನೆ, ಕೊಟ್ಟದ್ದು ಕಾಲ್ (ಆದೇಶ) ಅಲ್ಲ ಎಂದು ಸ್ನೈಪರ್ ಹೇಳಿದ. ಬೇಸ್ ಕಡೆ ಝೋನ್ ಹೋದರೆ ಯಾವ ದಾರಿ, ಸೇತುವೆಯೋ ದೋಣಿಯೋ ಎಂದು ಮೊದಲೇ ಮಾತಾಡಿಕೊಂಡಿರಲಿಲ್ಲ ಎಂದು ಮೂರನೆಯವನು ಸೇರಿಸಿದ. ನೋಟ್‌ಬುಕ್ಕಿನಲ್ಲಿ ಬರೆದದ್ದು ಎರಡೇ ಸಾಲು: ಝೋನ್ ವಿಷಯದಲ್ಲಿ ಕ್ಯಾಪ್ಟನ್ ಕೇಳುವುದಿಲ್ಲ, ಹೇಳುತ್ತಾನೆ. ಬೇಸ್ ಝೋನ್ ಬಂದರೆ ಡ್ರಾಪ್ ಬಿಟ್ಟು ಮೊದಲು ದಾಟುವುದು. ಸ್ಮೋಕ್ ಹಾಕದ ತಪ್ಪು ಕಡೆಗೆ ಬಂತು. ಸರಿಯಾಗಿಯೇ ಕಡೆಗೆ ಬಂತು. ಸೇತುವೆಯ ಮೇಲೆ ಎರಡು ಸ್ಮೋಕ್ ಹಾಕಿದ್ದರೂ ಹೆಚ್ಚೆಂದರೆ ಎರಡು ಸ್ಥಾನ ಮೇಲೆ ಬರುತ್ತಿದ್ದರೇನೋ. ಪಂದ್ಯ ಕೈ ತಪ್ಪಿದ್ದು ಡ್ರಾಪ್‌ನ ಹತ್ತಿರ.

ವಿಮರ್ಶೆ ಎಂದರೆ ಸತ್ತ ದೃಶ್ಯವನ್ನು ನಿಧಾನಗತಿಯಲ್ಲಿ ನೋಡುವುದು ಎಂದುಕೊಂಡವರೇ ಹೆಚ್ಚು. ಅಲ್ಲಿ ಕಾಣುವುದು ಬೆರಳಿನ ತಪ್ಪು ಮಾತ್ರ: ಗುರಿ ಜಾರಿತು, ರೀಲೋಡ್ ತಡವಾಯಿತು. ನಿರ್ಧಾರದ ತಪ್ಪು ಅದಕ್ಕಿಂತ ಎರಡು ನಿಮಿಷ ಹಿಂದೆ ಇರುತ್ತದೆ. ಅದನ್ನು ಹಿಡಿಯಲು ನಾಲ್ವರ ಫೋನಿನ ರೆಕಾರ್ಡಿಂಗೂ ಬೇಕು, ಮೈಕ್ ದನಿಯೂ ಬೇಕು. ಕ್ಯಾಪ್ಟನ್ ನೋಡುತ್ತಿದ್ದ ಮ್ಯಾಪ್ ಉಳಿದವರಿಗೆ ಕಂಡಿರುವುದಿಲ್ಲ, ಕಿಟಕಿಯ ಬಳಿ ನಿಂತವನು ಕೇಳಿದ ಗಾಡಿ ಸದ್ದು ಕ್ಯಾಪ್ಟನ್‌ಗೆ ಕೇಳಿರುವುದಿಲ್ಲ. ಒಬ್ಬನ ಪರದೆ ನೋಡಿ ನಾಲ್ವರನ್ನು ಅಳೆಯುವುದು ಅನ್ಯಾಯ.

ದನಿ ಯಾಕೆ ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ. ಪರದೆಯ ಮೇಲ್ಭಾಗದಲ್ಲಿ ದಿಕ್ಸೂಚಿಯ ಡಿಗ್ರಿ ಕಾಣುತ್ತಿರುತ್ತದೆ. "240ರಲ್ಲಿ ಒಬ್ಬ, ಬಂಡೆ ಹಿಂದೆ, ನಾಕ್ ಆಗಿಲ್ಲ" ಎಂದರೆ ನಾಲ್ವರೂ ಒಂದೇ ಕಡೆ ತಿರುಗುತ್ತಾರೆ. "ಅಲ್ಲಿ ಅಲ್ಲಿ, ರೈಟಲ್ಲಿ" ಎಂದರೆ ನಾಲ್ವರ ಬಲಗಡೆಗಳೂ ನಾಲ್ಕು ದಿಕ್ಕಿಗಿರುತ್ತವೆ. ನಿಮ್ಮ ಒಂದು ಪಂದ್ಯದ ದನಿ ಕೇಳಿ ಎಷ್ಟು ಸಲ "ಅಲ್ಲಿ ಅಲ್ಲಿ" ಬಂತು ಎಂದು ಎಣಿಸಿ ಸಾಕು, ತಂಡದ ಮಟ್ಟ ತಿಳಿಯುತ್ತದೆ. ಕಿಲ್ ಪಟ್ಟಿಗಿಂತ ಅದು ನಿಜವಾದ ಅಂಕಿ.

ಇನ್ನೊಂದು ಎಚ್ಚರ ಬೇಕು. ಝೋನ್ ಎಲ್ಲಿಗೆ ಹೋಗುತ್ತದೆ ಎಂಬುದು ಆಟಗಾರರ ಕೈಯಲ್ಲಿಲ್ಲ. ಹಾಗಾಗಿ ಸರಿಯಾದ ನಿರ್ಧಾರ ತೆಗೆದುಕೊಂಡೂ ಸೋಲಬಹುದು, ತಪ್ಪು ನಿರ್ಧಾರದಿಂದಲೂ ಚಿಕನ್ ಡಿನ್ನರ್ ಬರಬಹುದು. ಆ ಕ್ಷಣದಲ್ಲಿ ನಮಗೆ ಏನು ಗೊತ್ತಿತ್ತು ಎಂಬುದರ ಮೇಲೆ ನಿರ್ಧಾರವನ್ನು ತೂಗಬೇಕು, ಆಮೇಲೆ ಏನಾಯಿತು ಎಂಬುದರ ಮೇಲಲ್ಲ. ಸೋತ ಪಂದ್ಯವನ್ನಷ್ಟೇ ನೋಡುವ ತಂಡ ಅರ್ಧ ಮಾತ್ರ ಕಲಿಯುತ್ತದೆ. ಗೆದ್ದ ಪಂದ್ಯದಲ್ಲಿ ಬಯಲಿನಲ್ಲಿ ಓಡಿ ಅದೃಷ್ಟಕ್ಕೆ ಬದುಕಿದ ಕ್ಷಣಗಳಿರುತ್ತವೆ. ಸಂಭ್ರಮದಲ್ಲಿ ಅವನ್ನು ಯಾರೂ ಗುರುತು ಹಾಕುವುದಿಲ್ಲ, ಮುಂದಿನ ಟೂರ್ನಿಯಲ್ಲಿ ಅವೇ ತಂಡವನ್ನು ಮನೆಗೆ ಕಳಿಸುತ್ತವೆ.

ಈ ರೀತಿ ಕೂತು ಮಾತಾಡುವ ಕ್ರಮ ಗೇಮಿಂಗ್‌ನಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಸೇನೆ 1970ರ ದಶಕದಲ್ಲಿ ತನ್ನ ತರಬೇತಿಗೆ ಇದನ್ನು ರೂಪಿಸಿಕೊಂಡಿತು. ಏನಾಗಬೇಕಿತ್ತು, ಏನಾಯಿತು, ಯಾಕಾಯಿತು, ಮುಂದಿನ ಸಲ ಏನು ಮಾಡೋಣ ಎಂಬ ನಾಲ್ಕೇ ಪ್ರಶ್ನೆ. ಅಲ್ಲಿನ ಮುಖ್ಯ ನಿಯಮ, ಕೂತವರಲ್ಲಿ ಹಿರಿಯ ಅಧಿಕಾರಿಯೂ ಸಾಮಾನ್ಯ ಸೈನಿಕನೂ ಸಮಾನವಾಗಿ ಮಾತಾಡಬೇಕು. ನಮ್ಮ ಸ್ಕ್ವಾಡ್‌ಗಳಿಗೆ ಕಷ್ಟವಾಗುವುದು ಇದೇ. ಇಲ್ಲಿ ಅಧಿಕಾರಿ ಇಲ್ಲ, ಸ್ನೇಹವಿದೆ. ಒಂದೇ ಬೀದಿಯ, ಒಂದೇ ಬೆಂಚಿನ ಗೆಳೆಯನಿಗೆ "ನಿನ್ನಿಂದ ತಪ್ಪಾಯಿತು" ಎನ್ನಲು ಬಾಯಿ ಬರುವುದಿಲ್ಲ. ಬಂದರೆ ಬೈಗುಳವಾಗಿ ಬರುತ್ತದೆ. ಅದಕ್ಕೇ ನಾನು ಕಂಡ ಹುಡುಗರ ಒಂದು ಪದ್ಧತಿ ಎಲ್ಲರಿಗೂ ಒಪ್ಪುವಂಥದು: ಮೊದಲು ಮಾತಾಡುವವನು ತನ್ನದೇ ನಿರ್ಧಾರವೊಂದನ್ನು ಎತ್ತಿಕೊಳ್ಳಬೇಕು, ಕ್ಯಾಪ್ಟನ್ ಕೊನೆಗೆ ಮಾತಾಡಬೇಕು.

ಇದೆಲ್ಲ ಬರೀ ಆಟಕ್ಕೆ ಯಾಕೆ ಎನ್ನುವವರಿಗೆ ಒಂದು ಮಾತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸ್ ಅನ್ನು ಕ್ರೀಡಾ ಸಚಿವಾಲಯದ ಕೆಳಗೆ ತಂದಿತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ಬಿಜಿಎಂಐನ ರಾಷ್ಟ್ರೀಯ ಟೂರ್ನಿಯ ಬಹುಮಾನ ಮೊತ್ತ ಕೋಟಿಗಟ್ಟಲೆ ರೂಪಾಯಿಗೆ ಏರಿದೆ. ಅಂಥ ವೇದಿಕೆಯ ತಂಡಗಳಿಗೆ ಕೋಚ್, ಅನಾಲಿಸ್ಟ್ ಇರುತ್ತಾರೆ. ದಾವಣಗೆರೆಯ, ಕಲಬುರಗಿಯ ಹುಡುಗರಿಗೆ ಅದಿಲ್ಲ, ನೋಟ್‌ಬುಕ್ ಇದೆ, ಅದು ಸಾಕು.

ಹೊತ್ತಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಆಟ 2023ರಲ್ಲಿ ಮರಳಿದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂಬ ಮಿತಿ ಬಂತು. ಮೂರು ಗಂಟೆಯಲ್ಲಿ ಒಂದರ ಹಿಂದೊಂದು ಆರು ಪಂದ್ಯ ಆಡಿ ಆರು ಸಲ ಒಂದೇ ತಪ್ಪು ಮಾಡುವ ಬದಲು, ಎರಡು ಪಂದ್ಯ ಆಡಿ ಅರ್ಧ ಗಂಟೆ ಕೂತು ನೋಡಿದರೆ ಆಟವೂ ಸುಧಾರಿಸುತ್ತದೆ, ಓದಿಗೂ ನಿದ್ದೆಗೂ ಸಮಯ ಉಳಿಯುತ್ತದೆ. ಮನೆಯಲ್ಲಿ ಆಡುವ ಮಗನೋ ಮಗಳೋ ಇದ್ದರೆ, ಅಪ್ಪ ಅಮ್ಮಂದಿರೇ, "ಎಷ್ಟು ಹೊತ್ತು ಆಡ್ತೀಯ" ಎಂದು ಗದರುವ ಮುನ್ನ "ಇವತ್ತು ಎಲ್ಲಿ ಸೋತಿರಿ, ಯಾಕೆ" ಎಂದು ಒಮ್ಮೆ ಕೇಳಿ ನೋಡಿ. ಯೋಚಿಸಿ ಆಡುವ ಮಕ್ಕಳಾದರೆ ಕೂತು ವಿವರಿಸುತ್ತಾರೆ.

ಆಡುವವರಿಗೆ ನನ್ನ ಕೋರಿಕೆ ಇಷ್ಟೇ. ಇವತ್ತು ರಾತ್ರಿ ಆಡುವ ಮೊದಲ ಪಂದ್ಯವನ್ನು ನಾಲ್ವರೂ ರೆಕಾರ್ಡ್ ಮಾಡಿ. ಮುಗಿದ ಮೇಲೆ ಮುಂದಿನ ಪಂದ್ಯ ಶುರು ಮಾಡಬೇಡಿ. ಮೊದಲು ಬಿದ್ದವನು ಬಿದ್ದ ಕ್ಷಣದಿಂದ ಎರಡು ನಿಮಿಷ ಹಿಂದಕ್ಕೆ ಹೋಗಿ, ಅಲ್ಲಿಂದ ನೋಡಿ.